ಕಣ್ಣು ಹೋದವನಿಗೆ ಯುಡಿಐಡಿ ಕಾರ್ಡ್ ಒಂದೇ ಸಾಕಾ?

ನಮ್ಮ ಗೆಳೆಯನೊಬ್ಬನ ಹತ್ತಿರ ಒಂದು ಬಿಸ್ಕತ್ ಡಬ್ಬಿ ಇತ್ತು. ತಗಡಿನದು, ಮುಚ್ಚಳ ಸ್ವಲ್ಪ ಜಜ್ಜಿದ್ದು. ಅದರ ತುಂಬ ಪೋಕೆಮಾನ್ ಕಾರ್ಡುಗಳು. ಶಾಲೆ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುತ್ತಿದ್ದ ನಕಲಿ ಕಾರ್ಡುಗಳು ಅಡಿಗೆ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಸಂಬಳದಲ್ಲಿ ಉಳಿಸಿ ಕೊಂಡ ಅಸಲಿ ಕಾರ್ಡುಗಳು ಮೇಲೆ. ಮೂರು ವರ್ಷದ ಹಿಂದೆ ಅವನ ದೃಷ್ಟಿ ಪೂರ್ತಿ ಹೋಯಿತು. ಕೆಲಸ ಬಿಟ್ಟು ಊರಿಗೆ ಬಂದ. ಬಂದ ತಿಂಗಳಲ್ಲೇ ಮನೆಯವರು ಆ ಡಬ್ಬಿ ತೆಗೆದು ಓಣಿಯ ಮಕ್ಕಳಿಗೆ ಹಂಚಿಬಿಟ್ಟರು. ಅವನನ್ನು ಕೇಳಲಿಲ್ಲ. ‘ಪಾಪ, ನೋಡಕ್ಕೇ ಆಗಲ್ಲ, ಇಟ್ಕೊಂಡು ಸಂಕಟ ಪಡೋದ್ಯಾಕೆ’ ಅಂತ ಒಳ್ಳೆಯ ಮನಸ್ಸಿನಿಂದಲೇ ಹಂಚಿದರು.

ಆ ದಿನ ನಾವೂ ಅದೇ ಜಗಲಿಯ ಮೇಲೆ ಟೀ ಕುಡಿಯುತ್ತ ಕೂತಿದ್ದೆವು. ಬೇಡ ಅನ್ನಲಿಲ್ಲ. ‘ನಿಮ್ಮ ಹುಡುಗನಿಗೂ ಒಂದು ಇರಲಿ’ ಅಂತ ಕೊಟ್ಟಿದ್ದನ್ನು ಜೇಬಿಗೆ ಹಾಕಿಕೊಂಡು ಬಂದೆವು. ಮುಂದೆ ಯಾರ್ಯಾರನ್ನೋ ಬೈಯುವವರಿದ್ದೇವೆ. ಮೊದಲ ಬೈಗುಳ ನಮಗೇ ಇರಲಿ ಅಂತ ಇದನ್ನು ಮೊದಲೇ ಬರೆದಿಟ್ಟಿದ್ದೇವೆ.

ಎರಡು ದಿನ ಬಿಟ್ಟು ಅವನು ಡಬ್ಬಿ ಎತ್ತಿದ. ತೂಕದಲ್ಲೇ ಗೊತ್ತಾಯಿತು. ಕೂಗಾಡಲಿಲ್ಲ. ‘ಯಾರ್ಯಾರಿಗೆ ಕೊಟ್ರಿ, ಒಂದು ಪಟ್ಟಿ ಮಾಡ್ಕೊಡಿ’ ಅಂದ. ಯಾರೂ ಮಾಡಿಕೊಡಲಿಲ್ಲ. ಅದೇ ವಾರ ಅವನಿಗೆ ಯುಡಿಐಡಿ ಕಾರ್ಡ್ ಬಂತು. ಅದನ್ನು ಮಾತ್ರ ಪ್ಲಾಸ್ಟಿಕ್ ಕವರಿಗೆ ಹಾಕಿ, ದೇವರ ಮನೆಯ ಗೂಡಿನಲ್ಲಿ ಜೋಪಾನ ಮಾಡಿದರು. ಕಣ್ಣಿಲ್ಲದವನಿಗೆ ನಮ್ಮ ಊರು ಒಪ್ಪುವ ಕಾರ್ಡುಗಳು ಮೂರು: ಯುಡಿಐಡಿ, ರೇಷನ್, ಬಸ್ ಪಾಸು. ನಾಲ್ಕನೆಯದು ಕೇಳಿದರೆ ಹುಚ್ಚು.

ಪೋಕೆಮಾನ್ ಗೊತ್ತಿಲ್ಲದ ಹಿರಿಯರಿಗೆ ಎರಡು ಮಾತು. ಇದು ಜಪಾನಿನ ಆಟ, 1996ರಲ್ಲಿ ಬಂತು. ಹುಟ್ಟುಹಾಕಿದ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಟೋಕಿಯೊ ಹೊರವಲಯದ ಹೊಲ, ಕೆರೆ ಬದಿಯಲ್ಲಿ ಹುಳು ಹಿಡಿಯುತ್ತ ಬೆಳೆದವರು. ಊರು ಬೆಳೆದು ಹೊಲ ಹೋಯಿತು, ಹುಳುಗಳೂ ಹೋದವು. ಆ ಹಿಡಿಯುವ, ಕೂಡಿಡುವ, ಗೆಳೆಯರ ಜೊತೆ ಅದಲುಬದಲು ಮಾಡುವ ಖುಷಿಯನ್ನೇ ಅವರು ಆಟಕ್ಕೆ ತಂದರು. ನಾವು ಬೆಂಕಿಪೊಟ್ಟಣದಲ್ಲಿ ಜೀರುಂಡೆ ಇಟ್ಟು ಕಿವಿಗೆ ಹಿಡಿದು ಗುಂಯ್‌ಗುಡುವುದನ್ನು ಕೇಳುತ್ತಿದ್ದೆವಲ್ಲ, ಅದೇ. ಮೊದಲ ಆಟದಲ್ಲಿ 151 ಪ್ರಾಣಿಗಳಿದ್ದವು, ಈಗ ಸಾವಿರ ದಾಟಿವೆ. ಅದೇ 1996ರಲ್ಲಿ ಕಾರ್ಡುಗಳೂ ಬಂದವು. ನಮ್ಮ ವಯಸ್ಸಿನವರಿಗೆ ಸಿಕ್ಕಿದ್ದು ಕೇಬಲ್ ಟಿವಿಯಲ್ಲಿ ಹಿಂದಿ ಮಾತಿನ ಕಾರ್ಟೂನು, ಅದೂ ಕರೆಂಟು ಇದ್ದಾಗ.

ಇನ್ನು ‘ನೋಡಕ್ಕೇ ಆಗಲ್ಲ, ಮತ್ತೆ ಯಾಕೆ’ ಅನ್ನುವ ಪ್ರಶ್ನೆಗೆ ಬರೋಣ. ಕೇಳಿದವರು ಯಾರೂ ಉತ್ತರಕ್ಕೆ ನಿಲ್ಲುವುದಿಲ್ಲ, ಆದರೂ ಹೇಳುತ್ತೇವೆ.

ಆಟದಲ್ಲಿ ಪ್ರತಿ ಪ್ರಾಣಿಗೂ ಒಂದು ಕೂಗಿದೆ. ಹಳೆಯ ಗೇಮ್ ಬಾಯ್ ಯಂತ್ರದಲ್ಲಿ ಜಾಗ ಕಡಿಮೆ, ಅದಕ್ಕೆ ಕೆಲವೇ ಮೂಲ ದನಿಗಳನ್ನು ಏರಿಸಿ ಇಳಿಸಿ, ಉದ್ದ ಗಿಡ್ಡ ಮಾಡಿ 151ಕ್ಕೂ ಕೂಗು ಕೊಟ್ಟರು. ನಮ್ಮ ಗೆಳೆಯ ಕೂಗು ಕೇಳಿದರೆ ಸಾಕು, ಹೆಸರು ಹೇಳುತ್ತಾನೆ. ಹೊಲದಲ್ಲಿ ನೆಲ ನೋಡುತ್ತ ಕಳೆ ಕೀಳುವ ಅಜ್ಜಿ ತಲೆ ಎತ್ತದೆ ‘ಕೆಂಬೂತ’ ಅನ್ನುವುದಿಲ್ಲವೇ? ಅಷ್ಟೇ ಸಹಜ. ಆಟದ ಎಷ್ಟೋ ಪಟ್ಟಣಗಳಿಗೆ ಬೇರೆ ಬೇರೆ ಸಂಗೀತ ಇದೆ, ಎಲ್ಲಿದ್ದೇವೆ ಎಂದು ಕಿವಿಗೇ ಸುಳಿವು ಸಿಗುತ್ತದೆ. ಗೋಡೆಗೆ ಹಾಯ್ದರೆ ‘ದಪ್’ ಎಂದು ಸದ್ದಾಗುತ್ತದೆ. ಆ ಸದ್ದನ್ನೇ ಕೋಲಿನಂತೆ ಹಿಡಿದು ದೃಷ್ಟಿ ಇಲ್ಲದವರು ಆಟದೊಳಗೆ ದಾರಿ ಕಂಡುಕೊಂಡಿದ್ದಾರೆ. ಕಾಳಗವೂ ಸರದಿಯದು. ನಾಲ್ಕು ಪಟ್ಟುಗಳಲ್ಲಿ ಒಂದನ್ನು ಆರಿಸಬೇಕು, ಎಷ್ಟು ಹೊತ್ತು ಯೋಚಿಸಿದರೂ ಕೇಳುವವರಿಲ್ಲ. ಕಣ್ಣಿನ ಚುರುಕು ಬೇಡ, ತಲೆಯ ಚುರುಕು ಬೇಕು.

ಕಾರ್ಡಿನ ವಿಷಯ ಇನ್ನೂ ಚೆನ್ನಾಗಿದೆ. ಅಸಲಿ ಕಾರ್ಡಿನ ಕಾಗದದ ಮಧ್ಯೆ ತೆಳ್ಳನೆಯ ಕಪ್ಪು ಪದರ ಇರುತ್ತದೆ. ಅದನ್ನು ನೋಡುವುದು ಕಣ್ಣಿದ್ದವರ ಪರೀಕ್ಷೆ. ನಮ್ಮವನು ಮೆಲ್ಲನೆ ಬಾಗಿಸಿ ಬಿಡುತ್ತಾನೆ. ಅಸಲಿ ಸೆಟೆದು ನೆಟ್ಟಗಾಗುತ್ತದೆ, ಪೆಟ್ಟಿಗೆ ಅಂಗಡಿಯದು ಬಾಡಿದ ವೀಳ್ಯದೆಲೆಯಂತೆ ಹಾಗೇ ಇರುತ್ತದೆ. ಹೊಳೆಯುವ ಕಾರ್ಡುಗಳು ಮಳೆಗಾಲದ ತೇವಕ್ಕೆ ಹಪ್ಪಳದ ಹಾಗೆ ಡೊಂಕಾಗುತ್ತವೆ, ಸಾದಾ ಕಾರ್ಡು ಅಷ್ಟು ಡೊಂಕಾಗುವುದಿಲ್ಲ. ಈಚಿನ ಅಪರೂಪದ ಕಾರ್ಡುಗಳ ಮೇಲೆ ಬೆರಳಚ್ಚಿನಂಥ ಸಣ್ಣ ಗೆರೆಗಳು ಉಬ್ಬಿರುತ್ತವೆ, ಉಗುರು ಆಡಿಸಿದರೆ ಗರಗರ ಅನ್ನುತ್ತದೆ. 2021ರಲ್ಲಿ 25 ವರ್ಷದ ನೆನಪಿಗೆಂದು ತಂದ ದುಬಾರಿ ಪೆಟ್ಟಿಗೆಯಲ್ಲಂತೂ ಪಿಕಾಚು, ಚಾರಿಜಾರ್ಡ್ ಕಾರ್ಡುಗಳನ್ನು ಲೋಹದಲ್ಲೇ ಮಾಡಿದ್ದರು. ಅದು ನಮ್ಮ ಗೆಳೆಯನ ಹತ್ತಿರ ಇಲ್ಲ. ಕೈಯಲ್ಲಿ ಒಮ್ಮೆ ಹಿಡಿದು ತೂಕ ನೋಡಬೇಕು ಅನ್ನುವುದು ಅವನ ಆಸೆ.

ಸುಳ್ಳು ಹೇಳಬಾರದು. ಚಿತ್ರ ಬೆರಳಿಗೆ ಸಿಗುವುದಿಲ್ಲ. ಅವನ ಕಣ್ಣಿಗೆ ಬಂದದ್ದು ರೆಟಿನೈಟಿಸ್ ಪಿಗ್ಮೆಂಟೋಸ. ಮೊದಲು ರಾತ್ರಿ ಕಾಣುವುದಿಲ್ಲ, ಆಮೇಲೆ ಅಕ್ಕಪಕ್ಕ ಮುಚ್ಚುತ್ತ ಬರುತ್ತದೆ, ಕೊನೆಗೆ ಕೊಳವೆಯಲ್ಲಿ ನೋಡಿದಷ್ಟು ಉಳಿದು ಅದೂ ಹೋಗಬಹುದು. (ವಂಶದಲ್ಲಿ ಬರುವ ಕಾಯಿಲೆ. ಸೋದರಮಾವ, ಅಕ್ಕನ ಮಗಳ ಮದುವೆಗಳಿರುವ ನಮ್ಮ ಕಡೆ ಇದರ ಬಗ್ಗೆ ಬೇರೆಯೇ ಬರೆಯಬೇಕು.) ಕೊಳವೆಯಷ್ಟೇ ಉಳಿದಿದ್ದಾಗ ಅವನು ರಾತ್ರಿ ಬಲ್ಬಿನ ಕೆಳಗೆ ಒಂದೊಂದೇ ಕಾರ್ಡನ್ನು ತುಣುಕು ತುಣುಕಾಗಿ ನೋಡಿ ಮುಗಿಸುತ್ತಿದ್ದನಂತೆ, ಮೊದಲು ಕಿವಿ, ಆಮೇಲೆ ಬಾಲ. ಹಾಗೆ ನೋಡಿಟ್ಟುಕೊಂಡ ಡಬ್ಬಿಯನ್ನು ನಾವು ಹಂಚಿದ್ದು.

ಕಣ್ಣು ಹೋದ ಮೇಲೆ ಬಂದ ಪ್ರಾಣಿಗಳ ಮುಖ ಅವನಿಗೆ ಗೊತ್ತಿಲ್ಲ. ಅಕ್ಕನ ಮಗಳು ಹೇಳುತ್ತಾಳೆ. ಫ್ಯೂಕೋಕೋ ಅಂತ ಒಂದಿದೆ, 2022ರ ಆಟದ್ದು. ‘ಕೆಂಪು ಮೊಸಳೆ ಮರಿ ಮಾಮ, ತಲೆ ಮೇಲೆ ಬೆಂಕಿ ಥರ ಜುಟ್ಟು, ಮುಖ ನೋಡಿದ್ರೆ ಊಟ ಆದ ಮೇಲೆ ನೀನು ಕೂರ್ತೀಯಲ್ಲ ಹಂಗೆ.’ ಡಿಪ್ಲೊಮಾದಲ್ಲಿ ನಮಗೆ ‘ಕಣ್ಣಿಗೆ ಕಟ್ಟುವಂತೆ ಬರೆಯಿರಿ’ ಎಂದು ಹೇಳಿಕೊಟ್ಟ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಡಲಿಲ್ಲ.

ಈಗ ಕಂಪನಿಯವರ ಸರದಿ. ಪೋಕೆಮಾನ್ ಎಂದರೆ ಜಗತ್ತಿನಲ್ಲೇ ಅತಿ ಹೆಚ್ಚು ದುಡ್ಡು ಮಾಡಿದ ಹೆಸರುಗಳಲ್ಲಿ ಒಂದು. ಅಷ್ಟಿದ್ದೂ 2022ರ ಸ್ಕಾರ್ಲೆಟ್, ವೈಲೆಟ್ ಆಟಗಳಲ್ಲಿ ಪರದೆಯ ಮೇಲಿನ ಮಾತನ್ನು ಗಟ್ಟಿಯಾಗಿ ಓದುವ ಸೌಲಭ್ಯ ಇಲ್ಲ. ಇವರಿಗೆ ಕುರುಡರ ನೆನಪೇ ಇಲ್ಲ ಅನ್ನುವಂತೆಯೂ ಇಲ್ಲ. 2002ರ ರೂಬಿ, ಸಫೈರ್ ಆಟಗಳಲ್ಲಿ ಮೂರು ಪುರಾತನ ಪ್ರಾಣಿಗಳನ್ನು ಹುಡುಕಲು ಗುಹೆಯ ಗೋಡೆಯ ಮೇಲೆ ಬ್ರೈಲ್ ಲಿಪಿಯ ಸುಳಿವು ಇಟ್ಟಿದ್ದರು. ಎಲ್ಲಿ? ಗಾಜಿನ ಪರದೆಯ ಮೇಲೆ, ಚಿತ್ರವಾಗಿ! ಕಣ್ಣಿದ್ದ ಮಕ್ಕಳು ಚುಕ್ಕಿ ಲೆಕ್ಕ ಹಾಕಿ ಓದಿ ಖುಷಿಪಟ್ಟರು. ಬ್ರೈಲ್ ಬಲ್ಲವನು ಬೆರಳಾಡಿಸಿದರೆ ಸಿಗುವುದು ನುಣ್ಣನೆ ಗಾಜು. ಊಟದ ಚಿತ್ರ ತೋರಿಸಿ ಹಸಿದವನನ್ನು ಎಬ್ಬಿಸಿ ಕಳಿಸಿದ ಹಾಗಾಯಿತು.

ಆಗುವುದಿಲ್ಲ ಅಂತ ಹೇಳಬೇಡಿ. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಟವನ್ನು ಪೂರ್ತಿ ದೃಷ್ಟಿ ಇಲ್ಲದವರು ಸದ್ದಿನ ಸುಳಿವಿನಲ್ಲೇ ಆಡಿ ಮುಗಿಸಿದ್ದಾರೆ. 2023ರ ‘ಫೋರ್ಜಾ ಮೋಟಾರ್‌ಸ್ಪೋರ್ಟ್’ನಲ್ಲಿ ಕಣ್ಣು ಕಾಣದವರು ಕಾರ್ ರೇಸ್ ಓಡಿಸಲು ಧ್ವನಿ ಸಹಾಯ ಇದೆ. ಕಾರ್ ರೇಸೇ ಆಗುತ್ತದೆ ಎಂದಮೇಲೆ ಕೂತು ಯೋಚಿಸಿ ಆಡುವ ಪೋಕೆಮಾನ್ ಯಾಕೆ ಆಗದು? ಹಳೆಯ ಪೋಕೆಮಾನ್ ಕ್ರಿಸ್ಟಲ್ ಆಟವನ್ನು ದೃಷ್ಟಿ ಇಲ್ಲದ ಆಟಗಾರರೇ ಸೇರಿ, ಸ್ಕ್ರೀನ್ ರೀಡರ್ ಓದಿ ಹೇಳುವಂತೆ ತಾವೇ ಪ್ರೋಗ್ರಾಂ ಬರೆದು ಮಾತಾಡಿಸಿದ್ದಾರೆ. ಕಂಪ್ಯೂಟರಿನ ಪುಕ್ಕಟೆ ಸ್ಕ್ರೀನ್ ರೀಡರ್ ಎನ್‌ವಿಡಿಎ ಶುರು ಮಾಡಿದ್ದೂ ಆಸ್ಟ್ರೇಲಿಯಾದ ದೃಷ್ಟಿ ಇಲ್ಲದ ಇಬ್ಬರು. ಬೇಕಾದವರು ಮಾಡಿಕೊಂಡರು. ದುಡ್ಡಿದ್ದವರು ಮಾಡಲಿಲ್ಲ.

ಇಲ್ಲೊಂದು ಎಚ್ಚರ. ‘ಕಾರ್ಡಿಗೆ ಬ್ರೈಲ್ ಹಾಕಿದರೆ ಮುಗಿಯಿತು’ ಅನ್ನುವವರಿದ್ದಾರೆ. 2019ರಲ್ಲಿ ಊನೊ ಆಟಕ್ಕೆ ಬ್ರೈಲ್ ಕಾರ್ಡು ಬಂತು, ಸಂತೋಷ. ಆದರೆ ಮೂವತ್ತು ದಾಟಿದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಬ್ರೈಲ್ ಬರುವವರು ಕಡಿಮೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದವರಿಗೆ ಎಷ್ಟೋ ಸಲ ಬೆರಳ ತುದಿಯೂ ಜೋಮು. ಅಂಥವರಿಗೆ ಫೋನಿನ ಮಾತೇ ದಾರಿ. ನಮ್ಮ ಗೆಳೆಯ ಕಾರ್ಡಿನ ಮೇಲೆ ಫೋನು ಹಿಡಿದು ಅಕ್ಷರ ಓದಿಸಿಕೊಳ್ಳುತ್ತಾನೆ. ಕನ್ನಡದ ದನಿ ಆ ಇಂಗ್ಲಿಷ್ ಹೆಸರುಗಳನ್ನು ಅಗಿದು ಉಗಿಯುವುದನ್ನು ಕೇಳಬೇಕು, ನಗು ತಡೆಯುವುದಿಲ್ಲ. ಆದರೆ ಫೋನಿನಲ್ಲೇ ಆಡುವ ಒಂದು ಕಾರ್ಡ್ ಆಟವನ್ನು ಟಾಕ್‌ಬ್ಯಾಕ್ ಹಾಕಿ ತೆರೆದರೆ ಫೋನು ಬಾಯಿಗೆ ಬೀಗ ಹಾಕಿಕೊಂಡಿತು. ಆ ಸಂಜೆ ಅವನು ಮಾತೂ ಆಡಲಿಲ್ಲ.

ನಮ್ಮ ಅಜ್ಜಿಯರ ಅಳಗುಳಿ ಮಣೆಗೆ ಇಂಥ ರೋಗ ಇರಲಿಲ್ಲ. ಹದಿನಾಲ್ಕು ಗುಳಿ, ಹುಣಸೆ ಬೀಜ. ಗುಳಿಗೆ ಬೆರಳಿಟ್ಟರೆ ಲೆಕ್ಕ ಗೊತ್ತಾಗುತ್ತದೆ. ಚೌಕಾಬಾರದ ಕವಡೆ ಬೋರಲೋ ಅಂಗಾತವೋ ಅಂಗೈಗೇ ತಿಳಿಯುತ್ತದೆ. ಕಣ್ಣು ಮಂಜಾದ ಮುದುಕಿಯನ್ನು ಯಾರೂ ಆಟದಿಂದ ಎಬ್ಬಿಸುತ್ತಿರಲಿಲ್ಲ. ಗಾಜಿನ ಪರದೆ ಬಂದ ಮೇಲೆ ಆಟ ಪೂರಾ ಕಣ್ಣಿನದಾಯಿತು, ಕೈ ಬರೀ ಒರೆಸಲು ಉಳಿಯಿತು.

ಕಾನೂನು ಏನು ಹೇಳುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಂ ಸಂಸ್ಕೃತಿ ಮತ್ತು ಮನರಂಜನೆಗೆಂದೇ ಇದೆ. ಭಾರತ 2007ರಲ್ಲಿ ಒಪ್ಪಿ ಸಹಿ ಗಟ್ಟಿ ಮಾಡಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿಯೂ ಬಿಡುವು, ಆಟ, ಮನರಂಜನೆಯ ಬಗ್ಗೆಯೇ ಹೇಳುತ್ತದೆ. ಅಂದರೆ ಖುಷಿ ಕಾನೂನಿನಲ್ಲಿ ಇದೆ. ನಾವು ವರದಿ ಮಾಡಿದ ಯಾವ ತಾಲ್ಲೂಕು ಸಭೆಯಲ್ಲೂ ಅದರ ಮಾತು ಬಂದಿಲ್ಲ. ಕೋಲು, ತ್ರಿಚಕ್ರ ವಾಹನ, ಪಿಂಚಣಿ, ಮುಗೀತು. ಅವು ಬೇಡವೆಂದಲ್ಲ. ಪಿಂಚಣಿ ತಡವಾದರೆ ನಾವೇ ಬರೆಯುತ್ತೇವೆ. ಈಗ ‘ದಿವ್ಯಾಂಗ’ ಅಂತ ಬೇರೆ ಕರೆಯುತ್ತಾರೆ. ದಿವ್ಯ ಮಾಡಿ ಕೂರಿಸಿದವರ ಕೈಗೆ ಯಾರು ಇಸ್ಪೀಟು ಕೊಡುತ್ತಾರೆ?

ನಮ್ಮ ಕಸುಬೂ ಕಡಿಮೆಯಿಲ್ಲ. ಕಣ್ಣಿಲ್ಲದವರ ಬಗ್ಗೆ ಜಿಲ್ಲಾ ವರದಿಗಾರರಾದ ನಾವು ಬರೆಯುವುದು ಎರಡೇ ಥರ. ಒಂದು, ‘ನೆರವಿಗೆ ಮೊರೆ’, ಕೆಳಗೆ ಬ್ಯಾಂಕ್ ಖಾತೆ ನಂಬರು. ಇನ್ನೊಂದು, ‘ಅಂಧತ್ವ ಮೆಟ್ಟಿ ನಿಂತ ಸಾಧಕ’. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ20 ವಿಶ್ವಕಪ್ ಗೆದ್ದ ತಂಡದ ನಾಯಕ, 2017ರಲ್ಲಿ ಪದ್ಮಶ್ರೀ ಬಂತು. ಅವರ ಬಗ್ಗೆ ನಮಗೆ ಹೆಮ್ಮೆ ಇದೆ. ಆದರೆ ಕಣ್ಣಿದ್ದ ನಾವು ಭಾನುವಾರ ಕೆರೆ ಅಂಗಳದಲ್ಲಿ ಸೊನ್ನೆಗೆ ಔಟಾಗಿ ಬಂದು ಬೋಂಡಾ ತಿನ್ನುವಾಗ ಯಾರೂ ‘ಏನು ಸಾಧಿಸಿದೆ’ ಅಂತ ಕೇಳುವುದಿಲ್ಲ. ಕಣ್ಣಿಲ್ಲದವನಿಗೆ ಮಾತ್ರ ಕಪ್ ಗೆದ್ದರಷ್ಟೇ ಆಟ. ಸುಮ್ಮನೆ ಆಡಿದರೆ, ಸುಮ್ಮನೆ ಕೂಡಿಟ್ಟರೆ, ‘ಕಣ್ಣು ಹೋದರೂ ಬುದ್ಧಿ ಬರಲಿಲ್ಲ’.

ನಮ್ಮ ಗೆಳೆಯನ ಕಥೆಯನ್ನು ನಾವು ಒಮ್ಮೆ ಪತ್ರಿಕೆಗೆ ಕಳಿಸಿದ್ದೆವು. ‘ಇದರಲ್ಲಿ ಸ್ಫೂರ್ತಿ ಎಲ್ಲಿದೆ, ಅವರು ಏನಾದರೂ ಪರೀಕ್ಷೆ ಪಾಸಾಗಿದ್ದಾರಾ’ ಅಂತ ಡೆಸ್ಕಿನಿಂದ ಫೋನು ಬಂತು. ಇಲ್ಲ ಅಂದೆವು. ಬರಲಿಲ್ಲ. ಅದಕ್ಕೇ ಇಲ್ಲಿ ಹಾಕಿದ್ದೇವೆ.

ಕಳೆದ ತಿಂಗಳು ನಾವು ತೆಗೆದುಕೊಂಡು ಹೋಗಿದ್ದ ಕಾರ್ಡನ್ನು ವಾಪಸ್ ಕೊಟ್ಟು ಬಂದೆವು. ಮಗ ಅತ್ತ, ಅವನಿಗೆ ಬೇರೆ ಕೊಡಿಸಿದ್ದೇವೆ. ಗೆಳೆಯ ಹೆಬ್ಬೆರಳನ್ನು ಅಂಚಿನ ಸುತ್ತ ಆಡಿಸಿದ, ಮೇಲಿನ ಬಲಮೂಲೆಯ ಮಡಿಕೆ ಸಿಕ್ಕಿತು. ‘ಸ್ನಾರ್ಲ್ಯಾಕ್ಸ್. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಬಿದ್ದು ಮಡಚಿದ್ದು. ಕವರ್ ಎಲ್ಲಿ? ಕವರಲ್ಲಿತ್ತು.’ ಕವರ್ ನಮ್ಮ ಹತ್ತಿರ ಇರಲಿಲ್ಲ. ಆಮೇಲೆ ಅಕ್ಕನ ಮಗಳು ಪಟ್ಟಿ ಬರೆಯಲು ಕೂತಳು, ಅವನು ನೆನಪಿನಿಂದ ಹೇಳುತ್ತ ಹೋದ. ಇದುವರೆಗೆ ಹದಿನೇಳು ವಾಪಸ್ ಬಂದಿವೆ. ಇನ್ನೂ ನಲವತ್ತಕ್ಕೂ ಹೆಚ್ಚು ಬರಬೇಕು.

ಈ ಬರಹ ನಮ್ಮ ಓಣಿಯವರ ಫೋನಿಗೂ ಬರುತ್ತದೆ ಅಂತ ಗೊತ್ತು. ಜಜ್ಜಿದ ಮುಚ್ಚಳದ ಡಬ್ಬಿಯಿಂದ ಬಂದ ಕಾರ್ಡು ನಿಮ್ಮ ಮಕ್ಕಳ ಹತ್ತಿರ ಇದ್ದರೆ ದಯವಿಟ್ಟು ಕೊಟ್ಟುಬಿಡಿ. ಹರಿದಿದ್ದರೂ, ಪೆನ್ನಲ್ಲಿ ಗೀಚಿದ್ದರೂ ಪರವಾಗಿಲ್ಲ. ಸಂಜೆ ಆರರ ಮೇಲೆ ಅವನು ಜಗಲಿ ಮೇಲೆ ಇರುತ್ತಾನೆ. ಅಮ್ಮನ ಕೈಗೆ ಕೊಡಬೇಡಿ, ಅವನ ಕೈಗೇ ಕೊಡಿ.