ರಸ್ತೆ ಹಿಡಿದ ಸೋಂಕು, ಗಡಿ ಹಿಡಿದ ಲೆಕ್ಕ

ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್ ಕೊನೆಗೆ ದೇಶದ ಜಿಲ್ಲೆಗಳಿಗೆಲ್ಲ ಮೂರು ಬಣ್ಣ ಹಚ್ಚಿತು. ಕರ್ನಾಟಕದ 3 ಜಿಲ್ಲೆಗಳಿಗೆ ಕೆಂಪು, 13ಕ್ಕೆ ಕಿತ್ತಳೆ, 14ಕ್ಕೆ ಹಸಿರು. ರಾಯಚೂರು ಹಸಿರು ಪಟ್ಟಿಯಲ್ಲಿತ್ತು. ಹತ್ತಿರದ ಕಲಬುರಗಿಯಲ್ಲಿ ಮಾರ್ಚ್ 10ರಂದೇ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದರೂ ಮೇ ಮಧ್ಯದವರೆಗೆ ರಾಯಚೂರು ಜಿಲ್ಲೆಯಲ್ಲಿ ಒಂದೂ ಪ್ರಕರಣ ದೃಢಪಟ್ಟಿರಲಿಲ್ಲ. ಜೂನ್ ಮಧ್ಯದ ಹೊತ್ತಿಗೆ ಸಂಖ್ಯೆ ಮುನ್ನೂರು ದಾಟಿತ್ತು.

ಹಸಿರು ಬಣ್ಣ ಸುಳ್ಳಾಗಿರಲಿಲ್ಲ. ಅದು ಆ ಹೊತ್ತಿಗೆ ಜಿಲ್ಲೆಯ ಒಳಗಿದ್ದವರ ಲೆಕ್ಕ. ಇದೇ ಜಿಲ್ಲೆಯವರಾಗಿದ್ದೂ ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡಗಳ ಶೆಡ್ಡುಗಳಲ್ಲಿ ಉಳಿದುಕೊಂಡಿದ್ದವರು ಆ ಲೆಕ್ಕದಲ್ಲಿ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವುದು, ಮುಂಗಾರಿಗೆ ಮರಳುವುದು ಈ ಭಾಗದ ಒಣಬೇಸಾಯದ ಹಳ್ಳಿಗಳಿಗೆ ಹೊಸದಲ್ಲ. ಯಾವ ತಿಂಗಳು ಯಾವ ಊರಿನ ಮನೆಗಳಿಗೆ ಬೀಗ ಬೀಳುತ್ತದೆ ಎಂಬುದು ಗ್ರಾಮ ಪಂಚಾಯಿತಿಗೆ ಗೊತ್ತು, ಅಂಗನವಾಡಿಗೂ ಗೊತ್ತು. ಸೋಂಕಿನ ನಕ್ಷೆ ಬರೆದವರ ಮೇಜಿಗೆ ಆ ತಿಳಿವಳಿಕೆ ತಲುಪಲಿಲ್ಲ.

ನಕ್ಷೆಯನ್ನೇ ಸ್ವಲ್ಪ ನೋಡಬೇಕು. ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರೂ ಊರುಗಳು ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಒಂದರ ನಂತರ ಒಂದು ಬರುತ್ತವೆ. ಜೇವರ್ಗಿಯಿಂದ ಹೊರಡುವ ಈ ರಸ್ತೆ ಶಹಾಪುರ, ಸುರಪುರ ದಾಟಿ ಲಿಂಗಸುಗೂರಿಗೆ ಬರುತ್ತದೆ. ಮಸ್ಕಿ, ಸಿಂಧನೂರು, ಸಿರುಗುಪ್ಪ ಹಾದು ಬಳ್ಳಾರಿ ಸೇರಿ, ಚಳ್ಳಕೆರೆ, ಹಿರಿಯೂರಿನ ಕಡೆ ಇಳಿಯುತ್ತದೆ. ಲಿಂಗಸುಗೂರಿನಿಂದ ಸಿಂಧನೂರಿಗೆ 60 ಕಿ.ಮೀ. ಒಳಗಿನ ದಾರಿ. 2020ರಲ್ಲಿ ಈ ಮೂರರಲ್ಲಿ ಯಾವ ಊರಿಗೂ ರೈಲು ಇರಲಿಲ್ಲ. ಬಂದವರೆಲ್ಲ ಬಸ್ಸು, ಲಾರಿ, ಟಂಟಂ, ಬೈಕು ಹತ್ತಿ ಬಂದರು, ಇಲ್ಲವೇ ನಡೆದು ಬಂದರು. ಉತ್ತರದ ತುದಿಯಿಂದ ಮಹಾರಾಷ್ಟ್ರದವರು, ದಕ್ಷಿಣದ ತುದಿಯಿಂದ ಬೆಂಗಳೂರಿನವರು. ನಡುವೆ ಮಸ್ಕಿ.

ಒಂದೇ ರಸ್ತೆಯ ಮೇಲಿದ್ದರೂ ಇವುಗಳ ಬದುಕು ಒಂದೇ ಬಗೆಯದ್ದಲ್ಲ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಭತ್ತದ ಗದ್ದೆ, ಅಕ್ಕಿ ಗಿರಣಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಬಂಗಾಳಿ ನಿರಾಶ್ರಿತರಿಗೆ ಕೊಟ್ಟ ಆರ್‌.ಎಚ್‌. ಕ್ಯಾಂಪುಗಳು. ನಾಟಿಗೆ, ಕೊಯ್ಲಿಗೆ ಇಲ್ಲಿಗೆ ಹೊರಗಿನಿಂದ ಕೂಲಿಯವರು ಬರುತ್ತಾರೆ. ಲಿಂಗಸುಗೂರಿನ ಬಹುಪಾಲು ಮಳೆಯಾಶ್ರಿತ ಸೀಮೆ. ಅಲ್ಲಿಂದ ಜನ ಹೊರಗೆ ಹೋಗುತ್ತಾರೆ. ಜೊತೆಗೆ ಅದೇ ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ನೆಲದಾಳದಲ್ಲಿ ಪಾಳಿಯಲ್ಲಿ ದುಡಿಯುವವರು ದೈಹಿಕ ಅಂತರ ಕಾಯುವುದು ಸುಲಭದ ಮಾತಲ್ಲ. ಮಸ್ಕಿಗೆ ಎರಡೂ ಮುಖಗಳಿವೆ. ಒಂದು ಕಡೆಯ ಹಳ್ಳಿಗಳಿಗೆ ಕಾಲುವೆ ನೀರು, ಇನ್ನೊಂದು ಕಡೆಯ ಹಳ್ಳಿಗಳಲ್ಲಿ ನೀರಿಗಾಗಿ ಧರಣಿ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಕುಳಿತದ್ದು ಸೋಂಕಿನ ಆ ಕಾಲದಲ್ಲೇ.

ಜನ ಬರುವ ಊರು, ಜನ ಹೋಗುವ ಊರು, ಎರಡೂ ಆಗಿರುವ ಊರು. ಮೂರಕ್ಕೂ ಒಂದೇ ಆದೇಶ, ಒಂದೇ ಸಮಯ, ಒಂದೇ ಬಗೆಯ ಬಂದ್. ಲಾಕ್‌ಡೌನ್ ಬೇಕಿತ್ತೇ, ಬೇಡವಾಗಿತ್ತೇ ಎಂಬ ವಾದದಲ್ಲಿ ಈ ಸಂಗತಿ ಮರೆಯಾಗುತ್ತದೆ. ಹೊಸ ರೋಗದ ಎದುರು, ಆಸ್ಪತ್ರೆಗಳ ಕೊರತೆಯ ನಡುವೆ, ಕೆಲಕಾಲ ಓಡಾಟ ತಡೆಯುವುದು ಅನಿವಾರ್ಯವಾಗಿತ್ತು. ಆದರೆ ತಡೆಯುವ ಮೊದಲು ಓಡಾಟ ಯಾರದು, ಯಾವ ದಿಕ್ಕಿನದು ಎಂದು ತಿಳಿದಿರಬೇಕಿತ್ತು.

ತಿಳಿಯದೆ ತಡೆದದ್ದರ ಬೆಲೆ ಮೊದಲ ಎರಡು ವಾರಗಳಲ್ಲೇ ಕಂಡಿತು. ಮಾರ್ಚ್ 25ರಂದು ದೇಶ ಮುಚ್ಚಿತು. ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಸಿಂಧನೂರು ತಾಲ್ಲೂಕಿನ ಯುವತಿಯೊಬ್ಬರು ಊರಿನವರ ಜೊತೆ ಹೊರಟು, ಬಳ್ಳಾರಿವರೆಗೆ ಬಂದು, ಏಪ್ರಿಲ್ ಮೊದಲ ವಾರ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಸಿವು, ಬಳಲಿಕೆಯೇ ಕಾರಣ ಎಂದು ಜೊತೆಗಿದ್ದವರು ಹೇಳಿದರು. ಕಾಯಿಲೆ ಎಂದು ಅಧಿಕಾರಿಗಳು ಹೇಳಿದರು. ಕಾರಣ ಯಾವುದೇ ಇರಲಿ, ಆಕೆ ಕೋವಿಡ್ ಲೆಕ್ಕಕ್ಕೆ ಸೇರಲಿಲ್ಲ. ಲಾಕ್‌ಡೌನಿನಿಂದ ಸತ್ತವರನ್ನು ಬರೆದಿಡಲು ಯಾವ ಬುಲೆಟಿನ್‌ನಲ್ಲೂ ಅಂಕಣ ಇರಲಿಲ್ಲ.

ಮೇ 3ರಿಂದ ಸರ್ಕಾರ ಬೆಂಗಳೂರಿನ ಕಾರ್ಮಿಕರನ್ನು ಉಚಿತ ಬಸ್‌ಗಳಲ್ಲಿ ಊರಿಗೆ ಕಳಿಸಿತು. ಹೊರ ರಾಜ್ಯದಲ್ಲಿದ್ದವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಪಾಸ್ ಪಡೆಯಬೇಕಿತ್ತು. ಎಲ್ಲಿಂದ ಬರುತ್ತೀರಿ, ಎಲ್ಲಿಗೆ ಹೋಗುತ್ತೀರಿ ಎಂಬುದು ಆ ಅರ್ಜಿಯಲ್ಲೇ ಇತ್ತು. ಬರಲಿರುವ ಸೋಂಕಿನ ದಾರಿ ತಿಳಿಯಲು ಇದಕ್ಕಿಂತ ಒಳ್ಳೆಯ ಮಾಹಿತಿ ಆ ಕಾಲದಲ್ಲಿ ಬೇರೆ ಇರಲಿಲ್ಲ. ಮುಂದಿನ ವಾರ ಲಿಂಗಸುಗೂರಿನ ಯಾವ ಹೋಬಳಿಗೆ ಎಷ್ಟು ಜನ ಬರುತ್ತಾರೆ, ಅಲ್ಲಿನ ಹಾಸ್ಟೆಲ್‌ನಲ್ಲಿ ಎಷ್ಟು ಹಾಸಿಗೆ, ಎಷ್ಟು ಶೌಚಾಲಯ ಬೇಕು ಎಂದು ಅದರಿಂದ ಮೊದಲೇ ಲೆಕ್ಕ ಹಾಕಬಹುದಿತ್ತು. ಆದರೆ ಪಾಸ್ ಎಂಬುದು ಗಡಿಯಲ್ಲಿ ತೋರಿಸುವ ಕಾಗದವಾಗಿ ಉಳಿಯಿತು. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ರಾಜ್ಯ ತಡೆ ಹಾಕಿತು. ಅಷ್ಟರಲ್ಲಿ ಬಹಳ ಜನ ಬಂದಾಗಿತ್ತು. ಶಾಲೆ, ಹಾಸ್ಟೆಲ್‌ಗಳ ಕ್ವಾರಂಟೈನ್ ಕೇಂದ್ರಗಳು ತುಂಬಿದ್ದವು. ಹಲವು ಹಳ್ಳಿಗಳು ಊರ ಬಾಗಿಲಿಗೆ ಮುಳ್ಳಿನ ಬೇಲಿ ಹಾಕಿಕೊಂಡಿದ್ದವು, ಅದೂ ತಮ್ಮದೇ ಊರಿನ ಮಕ್ಕಳ ವಿರುದ್ಧ.

ಆ ದಿನಗಳ ರಾಜ್ಯ ಬುಲೆಟಿನ್ ಒಂದು ಒಳ್ಳೆಯ ಕೆಲಸ ಮಾಡುತ್ತಿತ್ತು. ಪ್ರತಿ ಸೋಂಕಿತರಿಗೆ ಒಂದು ಸಂಖ್ಯೆ, ವಯಸ್ಸು, ಜಿಲ್ಲೆ, ಪಕ್ಕದಲ್ಲಿ ಸೋಂಕಿನ ಮೂಲ. ರಾಯಚೂರಿನ ಸಾಲುಗಳಲ್ಲಿ ಮಹಾರಾಷ್ಟ್ರ ಪ್ರಯಾಣದ ಹಿನ್ನೆಲೆ ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ಸೋಂಕು ಸಾವಿರಗಳಿಗೆ ಏರಿದಂತೆ ಆ ವಿವರ ಹೋಗಿ ಜಿಲ್ಲೆಗೊಂದು ಅಂಕಿ ಮಾತ್ರ ಉಳಿಯಿತು. ಕಾಯಿಲೆ ಊರೂರಿಗೆ ಹರಡುವ ಹೊತ್ತಿಗೆ ಸರಿಯಾಗಿ ಅದರ ದಾರಿ ತಿಳಿಸುವ ಅಂಕಣ ಇಲ್ಲವಾಯಿತು.

ಜುಲೈನಲ್ಲಿ ದಿಕ್ಕು ಬದಲಾಯಿತು. ಬೆಂಗಳೂರಿಗೆ ಜುಲೈ 14ರಿಂದ ಲಾಕ್‌ಡೌನ್ ಘೋಷಣೆಯಾದದ್ದೇ ತಡ, ಸಾವಿರಾರು ಜನ ರಾಜಧಾನಿ ಬಿಟ್ಟು ಊರಿನ ದಾರಿ ಹಿಡಿದರು. ಅದೇ ವಾರ ರಾಯಚೂರು ಮತ್ತು ಸಿಂಧನೂರು ನಗರಗಳಿಗೂ ವಾರದ ಲಾಕ್‌ಡೌನ್ ಬಂತು. ಸಿಂಧನೂರನ್ನು ಆರಿಸಿದ್ದರಲ್ಲಿ ಅರ್ಥವಿತ್ತು. ಸುತ್ತಲಿನ ತಾಲ್ಲೂಕುಗಳೆಲ್ಲ ವ್ಯಾಪಾರಕ್ಕೆ ಸೇರುವ ಪೇಟೆ ಅದು. ಆದರೆ ಅಂಗಡಿ ಮುಚ್ಚಿದ್ದು ಪೇಟೆಯಲ್ಲಿ, ಬೆಂಗಳೂರಿನಿಂದ ಬಂದವರು ಇಳಿದದ್ದು ಹಳ್ಳಿಗಳಲ್ಲಿ.

ಅವರನ್ನು ಹಳ್ಳಿಯಲ್ಲಿ ಗುರುತಿಸಬೇಕಾದವರು ಯಾರು? ಆಶಾ ಕಾರ್ಯಕರ್ತೆಯರು. ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಜುಲೈ 10ರಿಂದ ಮುಷ್ಕರದಲ್ಲಿದ್ದರು. ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಮತ್ತು ಸುರಕ್ಷಾ ಸಾಧನ ಅವರ ಬೇಡಿಕೆ. ಮನೆ ಮನೆಗೆ ಹೋಗಿ ಜ್ವರ ಕೇಳುವ, ಬಂದವರ ಹೆಸರು ಬರೆದುಕೊಳ್ಳುವ ಕೆಲಸವೆಲ್ಲ ಇವರ ಹೆಗಲ ಮೇಲಿತ್ತು. ಸೋಂಕಿನ ಜಾಡು ಹಿಡಿಯುವ ಇಡೀ ವ್ಯವಸ್ಥೆಯ ತಳಪಾಯವೇ ಬೀದಿಯಲ್ಲಿ ಕುಳಿತಿದ್ದಾಗ ಪೇಟೆ ಮುಚ್ಚಿದ್ದರಿಂದ ಆದ ಲಾಭ ಎಷ್ಟು? ಆ ವಾರದ ಆಡಳಿತ ಮಾಡಿದ ಅತಿ ದೊಡ್ಡ ತಪ್ಪು ಲಾಕ್‌ಡೌನ್ ಅಲ್ಲ, ಈ ಹೆಣ್ಣುಮಕ್ಕಳ ಬೇಡಿಕೆಯನ್ನು ಬೇಗ ಇತ್ಯರ್ಥ ಮಾಡದೇ ಹೋದದ್ದು.

ಮಸ್ಕಿಯ ಕಥೆ ಇನ್ನೂ ಬೇರೆ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ಮಾಡಿದ ಈ ತಾಲ್ಲೂಕು 2018ರಲ್ಲಷ್ಟೇ ಅಸ್ತಿತ್ವಕ್ಕೆ ಬಂತು. ತಹಶೀಲ್ದಾರ್ ಕಚೇರಿಯ ಫಲಕ ಬೇಗ ಬಂದರೂ ಹೊಸ ತಾಲ್ಲೂಕುಗಳಿಗೆ ಇಲಾಖೆಗಳೆಲ್ಲ ಬರಲು ವರ್ಷಗಳೇ ಬೇಕು. ಸಾಂಕ್ರಾಮಿಕದ ಕಾಲದ ಜಿಲ್ಲಾ ಪ್ರಕಟಣೆಗಳಲ್ಲಿ ಮಾದರಿಗಳ ಲೆಕ್ಕ ಸಾಮಾನ್ಯವಾಗಿ ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು, ಸಿಂಧನೂರು ಎಂಬ ಹಳೆಯ ಐದು ಹೆಸರುಗಳಲ್ಲೇ ಸಾಗುತ್ತಿತ್ತು. ಮಸ್ಕಿಯ ಒಂದು ಹಳ್ಳಿಯ ಸೋಂಕು ಲಿಂಗಸುಗೂರಿನ ಅಂಕಿಯಲ್ಲಿ, ಇನ್ನೊಂದು ಹಳ್ಳಿಯದು ಸಿಂಧನೂರಿನ ಅಂಕಿಯಲ್ಲಿ ಕರಗಿಹೋದರೆ, ಮಸ್ಕಿ ಪಟ್ಟಣಕ್ಕೆ ತನ್ನ ಸುತ್ತ ಏನಾಗುತ್ತಿದೆ ಎಂದು ತಿಳಿಯುವುದು ಹೇಗೆ?

ಇಂಥ ಮಸ್ಕಿಗೆ 2021ರ ಏಪ್ರಿಲ್‌ನಲ್ಲಿ ಇಡೀ ರಾಜ್ಯದ ರಾಜಕಾರಣ ಬಂದಿಳಿಯಿತು. ಏಪ್ರಿಲ್ 17ರಂದು ಮಸ್ಕಿ, ಬಸವಕಲ್ಯಾಣ ವಿಧಾನಸಭಾ ಕ್ಷೇತ್ರ ಮತ್ತು ಬೆಳಗಾವಿ ಲೋಕಸಭಾ ಕ್ಷೇತ್ರಗಳಿಗೆ ಉಪಚುನಾವಣೆ. ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಮತ್ತು ಬೆಳಗಾವಿಯ ಸಂಸದ, ಕೇಂದ್ರ ಸಚಿವ ಸುರೇಶ ಅಂಗಡಿ ಇಬ್ಬರೂ 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದಲೇ ನಿಧನರಾಗಿದ್ದರು. ಅದೇ ತಿಂಗಳು 17ರಂದು ರಾಯಚೂರು ಜಿಲ್ಲೆಯ ರಾಜ್ಯಸಭಾ ಸದಸ್ಯ ಅಶೋಕ ಗಸ್ತಿ ಕೂಡ ಅದೇ ಸೋಂಕಿಗೆ ಬಲಿಯಾದರು. ಪ್ರಮಾಣವಚನ ಸ್ವೀಕರಿಸಿ ಎರಡು ತಿಂಗಳೂ ಆಗಿರಲಿಲ್ಲ. ಮೂರು ಉಪಚುನಾವಣೆಗಳಲ್ಲಿ ಎರಡಕ್ಕೆ ಕಾರಣವಾದ ರೋಗದ ನಡುವೆಯೇ ಮೂರನೆಯ ಊರಿನಲ್ಲಿ ವಾರಗಟ್ಟಲೆ ರೋಡ್ ಶೋ, ಸಮಾವೇಶ ನಡೆದವು.

ಏಪ್ರಿಲ್ 10ರಿಂದ ಬೆಂಗಳೂರು, ಮೈಸೂರು, ಕಲಬುರಗಿ, ಬೀದರ್ ಸೇರಿದಂತೆ ಎಂಟು ನಗರಗಳಲ್ಲಿ ರಾತ್ರಿ ಕರ್ಫ್ಯೂ ಇತ್ತು. ಮಸ್ಕಿ ಆ ಪಟ್ಟಿಯಲ್ಲಿ ಇರಲಿಲ್ಲ. ಮತದಾನದ ದಿನ ರಾಜ್ಯದಲ್ಲಿ 17 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣ ವರದಿಯಾದವು. ಅದರ ಹಿಂದಿನ ದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿಗೇ ಎರಡನೆಯ ಸಲ ಸೋಂಕು ದೃಢಪಟ್ಟಿತ್ತು. ಮತಗಟ್ಟೆಯಲ್ಲಿ ನಿಯಮಗಳ ಪಾಲನೆ ಇತ್ತು: ಸಾವಿರ ಮತದಾರರ ಮಿತಿ, ಸ್ಯಾನಿಟೈಸರ್, ಕೊನೆಯ ಒಂದು ಗಂಟೆ ಸೋಂಕಿತರಿಗೆ. ಮತಗಟ್ಟೆಗೆ ಬರುವ ಮುಂಚಿನ ತಿಂಗಳ ಪ್ರಚಾರಕ್ಕೆ ಮಾತ್ರ ಆ ಶಿಸ್ತು ಅನ್ವಯಿಸಲಿಲ್ಲ. ಉಪಚುನಾವಣೆಯ ಕರ್ತವ್ಯಕ್ಕೆ ಹೋದ ಶಿಕ್ಷಕರು ಸೋಂಕು ತಗುಲಿ ಸತ್ತ ವರದಿಗಳು ಮುಂದಿನ ವಾರಗಳಲ್ಲಿ ಬಂದವು. ಮತದಾನವಾಗಿ ಹತ್ತು ದಿನಕ್ಕೆ, ಏಪ್ರಿಲ್ 27ರ ರಾತ್ರಿಯಿಂದ, ರಾಜ್ಯ ಮುಚ್ಚಿತು.

ಮೇ 2ರಂದು ಎಣಿಕೆ ನಡೆದು ಕಾಂಗ್ರೆಸ್‌ನ ಬಸನಗೌಡ ತುರ್ವಿಹಾಳ ಅವರು ಬಿಜೆಪಿಯ ಪ್ರತಾಪಗೌಡ ಪಾಟೀಲ ಅವರನ್ನು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. 2018ರಲ್ಲಿ ಇದೇ ಇಬ್ಬರ ನಡುವಿನ ಅಂತರ ಬರೀ 213 ಮತ. ಅಷ್ಟು ಕರಾರುವಾಕ್ಕಾಗಿ, ಒಂದೊಂದು ಮತವನ್ನೂ ಊರುವಾರು, ಮತಗಟ್ಟೆವಾರು ಎಣಿಸಬಲ್ಲ ಆಡಳಿತ ಅದೇ ಊರಿನಲ್ಲಿ ಆ ತಿಂಗಳು ಜ್ವರ ಬಂದವರನ್ನು, ಸತ್ತವರನ್ನು ಊರುವಾರು ಎಣಿಸಿ ಜನರ ಮುಂದಿಡಲಿಲ್ಲ. ಮತಗಟ್ಟೆಯ ಪಟ್ಟಿ, ಸಿಬ್ಬಂದಿ, ವಾಹನ, ಎಲ್ಲವೂ ಇದ್ದ ಮೇಲೆ ಅಸಾಧ್ಯ ಎಂಬ ನೆಪ ಒಪ್ಪತಕ್ಕದ್ದಲ್ಲ. ಎಣಿಕೆಯ ಅದೇ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಸಾವುಗಳು ಸಂಭವಿಸಿದವು. ಮೇ 5ರಂದು ರಾಜ್ಯದ ಒಂದು ದಿನದ ಪ್ರಕರಣಗಳು 50 ಸಾವಿರ ದಾಟಿದವು.

ಎರಡನೆಯ ಅಲೆ ಹಳ್ಳಿಗೆ ನುಗ್ಗಿದ ಮೇಲೆ ಸರ್ಕಾರ ‘ವೈದ್ಯರ ನಡೆ ಹಳ್ಳಿ ಕಡೆ’ ಎಂಬ ಕಾರ್ಯಕ್ರಮ ತಂದಿತು. ಗ್ರಾಮೀಣ ಭಾಗದಲ್ಲಿ ಮನೆ ಆರೈಕೆ ಬಿಟ್ಟು ಕೇರ್ ಸೆಂಟರ್‌ಗೆ ಬರಬೇಕು ಎಂದಿತು. ದಿಕ್ಕು ಸರಿ, ಹೊತ್ತು ಮೀರಿತ್ತು. ಪರೀಕ್ಷೆಯಾಗದೆ, ಆಸ್ಪತ್ರೆ ಮೆಟ್ಟಿಲು ಹತ್ತದೆ ಮನೆಯಲ್ಲೇ ಸತ್ತವರು ದಾಖಲೆಗೆ ಬರಲೇ ಇಲ್ಲ. 2020 ಮತ್ತು 2021ರಲ್ಲಿ ಭಾರತದಲ್ಲಿ ಸಂಭವಿಸಿದ ಹೆಚ್ಚುವರಿ ಸಾವು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಆದರೆ ಈ ತಗಾದೆಯನ್ನು ದೆಹಲಿ, ಜಿನೀವಾಗಳ ನಡುವೆ ಬಿಡಬೇಕಾಗಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯ ಜನನ ಮರಣ ನೋಂದಣಿ, ನಿಂತುಹೋದ ವೃದ್ಧಾಪ್ಯ ವೇತನ, ಪಡಿತರ ಚೀಟಿಯಿಂದ ಕಡಿಮೆಯಾದ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಆ ಎರಡು ಬೇಸಿಗೆಗಳ ಲೆಕ್ಕ ಬಹುಮಟ್ಟಿಗೆ ಈಗಲೂ ಸಿಗುತ್ತದೆ.

ನೂರು ವರ್ಷದ ಹಿಂದೆ ಇದೇ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲಾ ಕೇಂದ್ರವಾಗಿತ್ತು. 1918ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ರೈಲು ಹಳಿಗುಂಟ ಒಳನಾಡಿಗೆ ಹರಡಿತು. ಆ ಸೋಂಕು ಮತ್ತು ಬರ ಎರಡನ್ನೂ ಕಂಡ ದಶಕದ ಕೊನೆಯಲ್ಲಿ, 1921ರ ಜನಗಣತಿಯಲ್ಲಿ, ಸಂಸ್ಥಾನದ ಜನಸಂಖ್ಯೆ 1 ಕೋಟಿ 33 ಲಕ್ಷದಿಂದ 1 ಕೋಟಿ 24 ಲಕ್ಷಕ್ಕೆ ಇಳಿದಿತ್ತು. ಎಷ್ಟು ಜನ ಹೋದರೆಂದು ಜನಗಣತಿಯ ಅಂತರದಿಂದ ಊಹಿಸಬೇಕಾದ ಸ್ಥಿತಿ ಆಗಿನದು. ಈಗ ಮೊಬೈಲು, ಪೋರ್ಟಲ್, ಆಧಾರ್ ಎಲ್ಲ ಇದ್ದೂ ನಾವು ಅದೇ ಸ್ಥಿತಿಯಲ್ಲಿದ್ದೇವೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೂಡ ಸಕಾಲಕ್ಕೆ ನಡೆಯಲಿಲ್ಲ.

ಜಿಲ್ಲೆಯ ಮುಂದಿನ ಸಾಂಕ್ರಾಮಿಕ ಸಿದ್ಧತೆಗೆ ಮಾಡಬೇಕಾದ ಮೊದಲ ಕೆಲಸಕ್ಕೆ ಹೆಚ್ಚು ಹಣ ಬೇಡ. ಪ್ರತಿ ಪಂಚಾಯಿತಿಯಲ್ಲಿ ಗುಳೆ ಪುಸ್ತಕ ಇರಬೇಕು. ಯಾವ ಮನೆಯವರು, ಯಾವ ಊರಿಗೆ, ಯಾವಾಗ ಹೋದರು, ಯಾವಾಗ ಬಂದರು ಎಂಬುದಷ್ಟೇ ಸಾಕು. 2021ರಲ್ಲಿ ಆರಂಭವಾದ ಇ–ಶ್ರಮ್ ಕಾರ್ಮಿಕನ ಹೆಸರು, ಕಸುಬು ಬರೆದುಕೊಳ್ಳುತ್ತದೆ, ಅವನ ಓಡಾಟವನ್ನಲ್ಲ. ಈ ಪುಸ್ತಕ ಪೊಲೀಸರ ಕೈಗೆ ಹೋಗದೆ ಆರೋಗ್ಯ ಮತ್ತು ಪಡಿತರದ ಕೆಲಸಕ್ಕೆ ಮಾತ್ರ ಬಳಕೆಯಾಗಬೇಕು. ಇಲ್ಲವಾದರೆ ಜನ ಹೆಸರು ಕೊಡುವುದಿಲ್ಲ, ಕೊಡಲೂಬಾರದು. ಮಸ್ಕಿಗೆ ತನ್ನದೇ ತಾಲ್ಲೂಕು ಆರೋಗ್ಯ ಲೆಕ್ಕ, ಆಶಾ ಕಾರ್ಯಕರ್ತೆಯರಿಗೆ ತಿಂಗಳ ನಿಶ್ಚಿತ ಸಂಬಳ, ಇವು ಅದರ ಜೊತೆಗೇ ಆಗಬೇಕಾದವು.

ಇದಕ್ಕೆ ಅವಸರವೂ ಇದೆ. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂತು. ಗದಗ–ವಾಡಿ ಮಾರ್ಗ ಪೂರ್ಣಗೊಂಡರೆ ಲಿಂಗಸುಗೂರಿಗೂ ಬರುತ್ತದೆ. 2020ರಲ್ಲಿ ಹೆದ್ದಾರಿಯ ಮೇಲೆ ಚೆಕ್‌ಪೋಸ್ಟ್ ಹಾಕಿ ಕಾದ ಜಿಲ್ಲಾಡಳಿತ, ಇನ್ನು ಮುಂದೆ ನಿಲ್ದಾಣದಲ್ಲಿ ಒಂದೇ ಸಲಕ್ಕೆ ಇಳಿಯುವ ನೂರಾರು ಜನ ಯಾವ ಹಳ್ಳಿಗೆ ಹೋಗುತ್ತಾರೆಂದು ತಿಳಿಯುವ ವ್ಯವಸ್ಥೆಯನ್ನು ಈಗಲೇ ಮಾಡಿಟ್ಟುಕೊಳ್ಳಬೇಕಿದೆ.