ಒಂದು ರೋಗವನ್ನು ಗೆದ್ದ ತೊಗರಿ ಸಾಲದು

ತೊಗರಿಯ ಬೆಳೆಗೆ ಪ್ರಬಲವಾದ ಶತ್ರುಗಳು ಎರಡು: ಸೊರಗು ರೋಗ ಮತ್ತು ಗೊಡ್ಡು ರೋಗ. ಮೊದಲನೆಯದು ಮಣ್ಣಿನಲ್ಲಿ ಹಲವು ವರ್ಷ ಬದುಕಿರುವ ಶಿಲೀಂಧ್ರದಿಂದುಂಟಾಗುವುದು. ಅದು ಬೇರಿನಿಂದ ಒಳಹೊಕ್ಕು, ನೀರೇರುವ ನಾಳಗಳನ್ನು ಕಟ್ಟಿ, ಹೂ ಕಾಯಿಗಳ ಕಾಲದಲ್ಲಿಯೇ ಗಿಡವನ್ನು ಒಣಗಿಸುವುದು. ಎರಡನೆಯದು ಬರಿಗಣ್ಣಿಗೆ ಕಾಣದ ನುಸಿಯು ಗಿಡದಿಂದ ಗಿಡಕ್ಕೆ ಒಯ್ಯುವ ವೈರಸ್ಸಿನ ಫಲ. ಗಿಡವು ಪೊದೆಯಂತೆ ಬೆಳೆದರೂ ಹೂ ಬಿಡದೆ ಗೊಡ್ಡಾಗುವುದು.

ಹೈದರಾಬಾದಿನ ಬಳಿಯ ಪಟಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು ಆರಿಸಿದ ‘ಮಾರುತಿ’ ತಳಿಯು 1986ರಲ್ಲಿ ಕರ್ನಾಟಕದ ರೈತರಿಗೆ ದೊರೆಯಿತು. ಸೊರಗನ್ನು ತಡೆದುಕೊಳ್ಳುವ ಕಾರಣ ಅದು ಕಲಬುರಗಿ ಸೀಮೆಯಲ್ಲಿ ಬಹುಬೇಗ ಹರಡಿತು. ಆದರೆ ಗೊಡ್ಡು ರೋಗದ ಮುಂದೆ ಅದು ನಿಲ್ಲಲಾರದು. 1993ರಲ್ಲಿ ಬಿಡುಗಡೆಯಾದ ‘ಆಶಾ’ ತಳಿಯನ್ನು ಎರಡೂ ರೋಗಗಳನ್ನು ತಡೆಯುವಂತೆ ಬೆಳೆಸಲಾಯಿತು. ಆದರೆ ಅದು ಮಾರುತಿಗಿಂತ ತಡವಾಗಿ ಮಾಗುವುದರಿಂದ, ಮಳೆ ಬೇಗ ನಿಂತ ವರ್ಷ ಕಾಯಿ ತುಂಬುವುದು ಕಷ್ಟ. ಇದಲ್ಲದೆ ಗೊಡ್ಡು ರೋಗದಲ್ಲಿಯೂ ಬಗೆಗಳುಂಟು: ಪಟಂಚೆರುವಿನಲ್ಲಿ ಗೆದ್ದ ಎಷ್ಟೋ ತಳಿಗಳು ಬೆಂಗಳೂರಿನಲ್ಲಿ ಸೋಲುವುವು.

ಆದುದರಿಂದ ತಳಿ ಬೆಳೆಸುವ ಕೆಲಸವನ್ನು ಒಮ್ಮೆ ಮಾಡಿ ಮುಗಿಸತಕ್ಕುದೆಂದು ಎಣಿಸುವುದು ತಪ್ಪು. ರೋಗವು ಮಾರ್ಪಟ್ಟಂತೆ ತಳಿಯೂ ಮಾರ್ಪಡಬೇಕು. ಪ್ರತಿ ಸೀಮೆಯಲ್ಲಿಯೂ, ರೋಗ ಬೇರೂರಿದ ಹೊಲದಲ್ಲಿಯೇ, ಅದರ ಪರೀಕ್ಷೆಯಾಗಬೇಕು. ಇದಕ್ಕೆ ಬೇಕಾದ ಗುಣಗಳು ಹಳೆಯ ನಾಡತಳಿಗಳಲ್ಲಿಯೂ ತೊಗರಿಯ ಕಾಡುಬಂಧುಗಳಲ್ಲಿಯೂ ಅಡಗಿರುವುದರಿಂದ ಅವುಗಳ ಬೀಜರಕ್ಷಣೆ ಅತ್ಯಗತ್ಯ. ರೈತರಾದರೂ ಊರಿಗೆಲ್ಲ ಒಂದೇ ತಳಿಯನ್ನು ನಂಬದೆ, ಜೋಳದೊಡನೆ ತೊಗರಿಯನ್ನು ಬಿತ್ತಿ, ಬೆಳೆ ಬದಲಿಸುತ್ತಿರುವುದು ಲೇಸು. ಮಾಂಸ ಮುಟ್ಟದ ಬಡವನ ತಟ್ಟೆಗೆ ಬೇಳೆಯೇ ಪುಷ್ಟಿ. ಬೀಜದ ವಿಷಯದಲ್ಲಿ ಉದಾಸೀನರಾದರೆ ಬರಿದಾಗುವುದು ಆ ತಟ್ಟೆಯೇ.