ಬೋನಿಗೆ ಬೀಳದ ಪ್ರಶ್ನೆ

ತಿರುಮಕೂಡಲು ನರಸೀಪುರವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾವೇರಿ ಕಪಿಲೆಯರ ಸಂಗಮ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ಆ ಹೆಸರಿನೊಡನೆ ಬೇರೊಂದು ನೆನಪು ಸೇರಿಕೊಂಡಿತು. ಮೂರು ತಿಂಗಳೊಳಗೆ ತಾಲ್ಲೂಕಿನ ಹಳ್ಳಿಗಳಲ್ಲಿ ನಾಲ್ವರು ಚಿರತೆಗೆ ಬಲಿಯಾದರು: ಇಬ್ಬರು ವಿದ್ಯಾರ್ಥಿಗಳು, ಒಬ್ಬ ವೃದ್ಧೆ, ಒಬ್ಬ ಬಾಲಕ. ಸಂಜೆಯಾಗುತ್ತಲೇ ಕದಗಳು ಮುಚ್ಚಿದವು. ಜನ ಬೀದಿಗಿಳಿದು ಪ್ರತಿಭಟಿಸಿದರು. ಬೋನುಗಳು ಬಂದವು, ಸರ್ಕಾರ ಚಿರತೆ ಕಾರ್ಯಪಡೆಯನ್ನೂ ರಚಿಸಿತು.

ಆ ಸೀಮೆಯಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ರೈತರೊಬ್ಬರಿದ್ದಾರೆ. ಅವರ ಜಗಲಿಯ ಮೇಲೆ ಕುಳಿತು ನಾನು ವನ್ಯಜೀವಿಗಳ ವಿಚಾರವಾಗಿ ಓದಿ ತಿಳಿದುದನ್ನು ಹೇಳತೊಡಗಿದೆ. ಕೊನೆಯವರೆಗೂ ಕೇಳಿ ಅವರು ಇಷ್ಟೇ ಹೇಳಿದರು: “ಕಿರುಬನ ಸಾಯಿಸಿ ಅಂತ ನಾನೂ ಅನ್ನಲ್ಲ, ಮೇಷ್ಟ್ರೇ. ಆದರೆ ಮಧ್ಯರಾತ್ರೀಲಿ ಕರೆಂಟು ಬಂದ್ರೆ ಕಬ್ಬಿಗೆ ನೀರು ಕಟ್ಟೋಕೆ ಹೋಗೋನು ನಾನು, ನೀವಲ್ಲ.” ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆ ಮಾತನ್ನು ಬದಿಗಿಟ್ಟು ಈ ಸಮಸ್ಯೆಯನ್ನು ಚರ್ಚಿಸುವುದು ನ್ಯಾಯವಲ್ಲವೆಂದು ಮಾತ್ರ ಅಂದು ನನಗೆ ಮನವರಿಕೆಯಾಯಿತು.

ಕಾಡು ನಾಶವಾದುದರಿಂದ ಚಿರತೆ ಊರಿಗೆ ಬಂತೆಂಬುದು ನಾವು ಮೇಲಿಂದ ಮೇಲೆ ಕೇಳುವ ವಿವರಣೆ. ಅದರಲ್ಲಿ ಸತ್ಯಾಂಶವಿದೆ, ಪೂರ್ಣಸತ್ಯವಿಲ್ಲ. ಹುಲಿಗೆ ವಿಶಾಲವಾದ ಅರಣ್ಯ ಬೇಕು. ಚಿರತೆಗೆ ಅಡಗಲು ಒಂದಿಷ್ಟು ಮರೆ, ತಿನ್ನಲು ಒಂದು ನಾಯಿ ಅಥವಾ ಮೇಕೆ ಸಿಕ್ಕರೂ ಸಾಕು. ಆಳೆತ್ತರದ ಕಬ್ಬು ಆ ಮರೆಯನ್ನು ತಿಂಗಳುಗಟ್ಟಲೆ ಒದಗಿಸುತ್ತದೆ. ಎಷ್ಟೋ ಚಿರತೆಗಳು ಅಲ್ಲಿಯೇ ಮರಿಹಾಕುತ್ತವೆ. ಮಹಾರಾಷ್ಟ್ರದ ಅಕೋಲೆ ಪ್ರದೇಶದಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಚಿರತೆಯ ಆಹಾರದ ತೂಕದಲ್ಲಿ ನೂರಕ್ಕೆ 87 ಪಾಲು ಸಾಕುಪ್ರಾಣಿಗಳದೆಂದು ಕಂಡುಬಂತು. ನಾಯಿಗಳದೇ 39 ಪಾಲು. ಆದ್ದರಿಂದ ಅಲ್ಲಿನ ಚಿರತೆಯನ್ನು ದಾರಿತಪ್ಪಿ ಬಂದ ಅತಿಥಿಯೆನ್ನುವಂತಿಲ್ಲ. ಅದು ಆ ಹೊಲಗಳ ನಿವಾಸಿ. 2022ರ ಗಣತಿಯ ಅಂದಾಜಿನಂತೆ ದೇಶದಲ್ಲಿ 13,874, ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಇವೆಲ್ಲವನ್ನೂ ಹಿಡಿದೊಯ್ದು ಬಿಡಲು ಬರಿದಾದ ಕಾಡು ಎಲ್ಲಿದೆ?

ಹಿಡಿದು ಬೇರೆಡೆ ಬಿಡುವ ಉಪಾಯವನ್ನು ನಮ್ಮ ನೆರೆಯ ರಾಜ್ಯ ಪರೀಕ್ಷಿಸಿ ನೋಡಿದೆ. ಮಹಾರಾಷ್ಟ್ರದ ಜುನ್ನರ್ ಅರಣ್ಯ ವಿಭಾಗದ ಅನುಭವ ನಮಗೆ ಪಾಠವಾಗಬೇಕು. ಅಲ್ಲಿ ಬಹುಸಂಖ್ಯೆಯ ಚಿರತೆಗಳನ್ನು ಸ್ಥಳಾಂತರಿಸತೊಡಗಿದ ಮೇಲೆ, ಮನುಷ್ಯರ ಮೇಲಿನ ಆಕ್ರಮಣಗಳ ವಾರ್ಷಿಕ ಸರಾಸರಿ 4ರಿಂದ 17ಕ್ಕೆ ಏರಿತೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ನೆಲೆಯಿಂದ ಕಿತ್ತ ಪ್ರಾಣಿ ಅಪರಿಚಿತ ಸ್ಥಳದಲ್ಲಿ ಕಂಗೆಡುತ್ತದೆ. ತನ್ನ ಸೀಮೆಗೆ ಮರಳಲು ಯತ್ನಿಸುವುದೂ ಉಂಟು. ಅದು ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಅದೇ 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯೂ ಇಂತಹ ಸ್ಥಳಾಂತರವನ್ನು ಪ್ರೋತ್ಸಾಹಿಸುವುದಿಲ್ಲ.

ಹಾಗಿದ್ದೂ ಬೋನು ಏಕೆ ಬರುತ್ತದೆ? ಅದು ಕಣ್ಣಿಗೆ ಕಾಣುವ ಕಾರ್ಯ ಎಂಬುದೇ ಕಾರಣವೆಂದು ನನಗೆ ತೋರುತ್ತದೆ. ಮಗುವನ್ನು ಕಳೆದುಕೊಂಡ ಊರಿನ ಮುಂದೆ ನಿಂತ ಅಧಿಕಾರಿಗೆ ಏನನ್ನಾದರೂ ಮಾಡಿ ತೋರಿಸಬೇಕಾಗುತ್ತದೆ. ಊರಿಗೂ ಒಂದು ಸಮಾಧಾನ ಬೇಕಾಗುತ್ತದೆ. ಮನುಷ್ಯರನ್ನು ಕೊಂದ ಪ್ರಾಣಿಯನ್ನು ಗುರುತಿಸಿ ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಲದ ಬದುವಿನಲ್ಲಿ ಒಮ್ಮೆ ಕಾಣಿಸಿಕೊಂಡ ಪ್ರತಿಯೊಂದು ಚಿರತೆಗೂ ಅದೇ ಶಿಕ್ಷೆಯೆಂದರೆ, ಅಪರಾಧಿ ಉಳಿದು ನಿರಪರಾಧಿ ಸೆರೆಯಾಗಬಹುದು; ಊರು ನಿಶ್ಚಿಂತೆಯಿಂದ ಮಲಗಿ ಎಚ್ಚರವನ್ನು ಕಳೆದುಕೊಳ್ಳಬಹುದು.

ನಿಜವಾದ ಪರಿಹಾರಗಳು ಬಹಳ ಸಾಧಾರಣವಾದವು. ಪಂಪುಸೆಟ್ಟಿಗೆ ಹಗಲು ವಿದ್ಯುತ್ತು, ಕೊಟ್ಟಿಗೆಗೆ ಭದ್ರವಾದ ಬಾಗಿಲು, ಕುರಿರೊಪ್ಪಕ್ಕೆ ಮೇಲುಹೊದಿಕೆ, ಮನೆಯೊಳಗೆ ಶೌಚಾಲಯ, ಬೀದಿಗೆ ದೀಪ, ಊರಂಚಿನಲ್ಲಿ ಮಾಂಸದ ಕಸ ಸುರಿಯದ ಶಿಸ್ತು, ಸತ್ತ ಮೇಕೆಗೆ ತಡವಿಲ್ಲದ ಪರಿಹಾರಧನ. ಇವುಗಳಲ್ಲಿ ಯಾವುದಕ್ಕೂ ಅರಿವಳಿಕೆ ಬಂದೂಕು ಬೇಕಿಲ್ಲ. ಇವು ಅರಣ್ಯ ಇಲಾಖೆಯೊಂದರಿಂದಲೇ ಆಗುವ ಕೆಲಸಗಳೂ ಅಲ್ಲ. ವಿದ್ಯುತ್ತು, ಪಂಚಾಯಿತಿ, ಪಶುವೈದ್ಯ ಎಲ್ಲರೂ ಕೈಗೂಡಿಸಬೇಕು. ಬಹುಶಃ ಅದಕ್ಕಾಗಿಯೇ ಅವು ಆಗುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಚಿರತೆಗೆ ಅತ್ಯುನ್ನತ ರಕ್ಷಣೆಯನ್ನು ನೀಡಿದೆ. ಅದು ಸರಿಯಾದುದೇ. ಆದರೆ ಆ ರಕ್ಷಣೆಯ ವೆಚ್ಚವನ್ನು ಭರಿಸುವವರು ಯಾರು? ಚಿತ್ರದಲ್ಲಿ ಚಿರತೆಯ ಸೌಂದರ್ಯವನ್ನು ಕಂಡು ಮೆಚ್ಚುವ ನಾವಲ್ಲ. ಮೇಕೆಯನ್ನೂ ನಿದ್ದೆಯನ್ನೂ ಕೆಲವೊಮ್ಮೆ ಮಕ್ಕಳನ್ನೂ ಕಳೆದುಕೊಳ್ಳುವವರು. ಈ ಲೆಕ್ಕ ಹೀಗೆಯೇ ಮುಂದುವರಿದರೆ ಅವರ ಸಹನೆ ಬತ್ತುತ್ತದೆ. ಆಮೇಲೆ ಬೇಲಿಯ ಉರುಳೂ ವಿಷ ಬೆರೆಸಿದ ಮಾಂಸವೂ ಮಾತನಾಡುತ್ತವೆ. ಕಾಯಿದೆ ಪುಸ್ತಕದಲ್ಲಿ ಉಳಿಯುತ್ತದೆ.

ಹಳ್ಳಿಗನ ಪಕ್ಷವೋ ಚಿರತೆಯ ಪಕ್ಷವೋ ಎಂದು ಕೇಳುವುದೇ ತಪ್ಪು. ಹಳ್ಳಿಗನನ್ನು ಕೈಬಿಟ್ಟು ಚಿರತೆಯನ್ನು ಉಳಿಸಲಾಗದು. ನನ್ನ ಆ ಮಿತ್ರರ ಗದ್ದೆಗೆ ಹಗಲಿನಲ್ಲಿ ವಿದ್ಯುತ್ತು ಬಂದ ದಿನ, ಅವರ ಜಗಲಿಯ ಮೇಲೆ ಕುಳಿತು ಚಿರತೆಯ ವಿಚಾರವನ್ನು ಮತ್ತೊಮ್ಮೆ ಎತ್ತುವ ಧೈರ್ಯ ನನಗೆ ಬಂದೀತು.